ಗಂಗುಲಮ್ಮನ ಕಾನೂನು, ಕಲ್ಯಾಣದುರ್ಗದ ಪೆಟ್ಟಿಗೆ

ಹಿಂದೂಪುರದ ಪಕ್ಕದ ಪರಿಗಿಯಲ್ಲಿ ಗಂಗುಲಮ್ಮನ ಮನೆಯೊಳಗೆ ಯಾವ ಪದಾರ್ಥವನ್ನೂ ‘ಇಲ್ಲ’ ಎನ್ನುವಂತಿರಲಿಲ್ಲ. ಅಕ್ಕಿ ಮುಗಿದರೆ ‘ಅಕ್ಕಿ ತುಂಬೈತೆ’ ಎನ್ನಬೇಕು. ದೀಪ ಆರಿಸುವಾಗ ‘ದೀಪ ದೊಡ್ಡದು ಮಾಡು’ ಎನ್ನಬೇಕು. ಆ ಸೀಮೆಯ ಬಹಳ ಮನೆಗಳಲ್ಲಿ ಇದು ಇದ್ದದ್ದೇ. ಆದರೆ ಉಳಿದವರು ಅಕ್ಕಿ, ಅರಿಸಿನ, ಕುಂಕುಮಕ್ಕೆ ನಿಲ್ಲಿಸುತ್ತಿದ್ದರು. ಗಂಗುಲಮ್ಮ ಅದನ್ನು ಸೀಮೆಎಣ್ಣೆ, ಬೆಂಕಿಪೊಟ್ಟಣ, ಕೊನೆಗೆ ತಲೆನೋವಿನ ಮಾತ್ರೆಯವರೆಗೂ ವಿಸ್ತರಿಸಿದ್ದಳು. ತೆಲುಗಿನಲ್ಲಿ ‘ಲೇದು’ ಎಂದು ಜಾರಿಕೊಳ್ಳಲು ನೋಡಿದ ಮಗನಿಗೆ ಆ ದಾರಿಯನ್ನೂ ಮುಚ್ಚಿದಳು. ಬರಲಿಲ್ಲ, ಹೋಗಲಿಲ್ಲ ಎಂಬ ಮಾತುಗಳಿಗೆ ವಿನಾಯಿತಿ ಇತ್ತು. ಒಂಟಿಯಾಗಿ ನಿಂತ ‘ಇಲ್ಲ’ಕ್ಕೆ ಮಾತ್ರ ಹೊಸಿಲ ಒಳಗೆ ಪ್ರವೇಶವಿರಲಿಲ್ಲ.

ಈ ಕಾನೂನಿನಡಿ ಬೆಳೆದವಳು ಮೊಮ್ಮಗಳು ಉಡುಸಲಮ್ಮ. ಮೂರನೇ ತರಗತಿಯಲ್ಲಿ ಮೇಷ್ಟ್ರು ಮಗ್ಗಿ ಬರೆದಿದ್ದೀಯಾ ಎಂದು ಕೇಳಿದಾಗ ಅವಳು ಎದ್ದು ನಿಂತು, ಸ್ಲೇಟು ತುಂಬೈತೆ ಸಾರ್ ಎಂದಳು. ಮೇಷ್ಟ್ರು ಸ್ಲೇಟನ್ನು ತಿರುಗಿಸಿ ನೋಡಿದರು. ಎರಡು ಮಗ್ಗುಲೂ ಅಂಗಡಿಯಿಂದ ತಂದ ದಿನದಂತೆ ಕಪ್ಪಗಿದ್ದವು. ಬಿದ್ದ ಏಟಿಗಿಂತ ಹೆಚ್ಚಾಗಿ ಅವಳಿಗೆ ಆಶ್ಚರ್ಯವಾಯಿತು. ಅವಳ ಪ್ರಕಾರ ಅವಳು ನಿಜವನ್ನೇ ಹೇಳಿದ್ದಳು.

ದೊಡ್ಡವಳಾದಂತೆ ಈ ಅಭ್ಯಾಸ ಪದಾರ್ಥಗಳಿಂದ ಮನುಷ್ಯರಿಗೂ ಹರಡಿತು. ಯಾರು ಏನು ಕೇಳಿದರೂ ಇಲ್ಲವೆನ್ನಲು ಅವಳ ನಾಲಿಗೆ ಏಳುತ್ತಿರಲಿಲ್ಲ. ಅನಂತಪುರದಲ್ಲಿ ಎಂ.ಸಿ.ಎ. ಓದುವಾಗ ಒಬ್ಬ ಉಪನ್ಯಾಸಕರು, ಗ್ರಾಮದೇವತೆಯ ಈ ಹೆಸರು ಕಂಪನಿಗಳಲ್ಲಿ ನಡೆಯುವುದಿಲ್ಲ, ಉಷಾ ಎಂದು ಬದಲಾಯಿಸಿಕೋ ಎಂದರು. ಆಗಲಿ ಸಾರ್, ಒಳ್ಳೆಯ ಹೆಸರು ಎಂದಳು. ಮೂರು ವರ್ಷವೂ ಆಗಲಿ ಸಾರ್ ಎನ್ನುತ್ತಲೇ ಇದ್ದು ಉಡುಸಲಮ್ಮನಾಗಿಯೇ ಹೊರಗೆ ಬಂದಳು.

ಇಂಥವಳಿಗೆ ಸಿಕ್ಕಿದ ಕೆಲಸವೆಂದರೆ ಬೇರೆಯವರ ಕೋಡನ್ನು ಓದಿ, ಇದು ಸರಿ, ಇದು ತಪ್ಪು ಎಂದು ತೀರ್ಪು ಕೊಡುವುದು. ಹಿಂದೂಪುರದಲ್ಲಿ ರೇಷ್ಮೆ ಸೀರೆ ವ್ಯಾಪಾರ ಮಾಡಿಕೊಂಡಿದ್ದ ಶ್ರೀರಾಮುಲು, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಪೆಟ್ಟಿಗೆಗಳನ್ನು ತಯಾರಿಸುತ್ತೇನೆಂದು ಹೊರಟಿದ್ದ. ಪೇಟೆಯಲ್ಲಿ ಹುಣಿಸೆಹಣ್ಣಿನ ಗೋದಾಮಿನ ಮಹಡಿಯನ್ನು ಬಾಡಿಗೆಗೆ ಹಿಡಿದು, ಐದಾರು ಜನರನ್ನು ಕೂರಿಸಿದ್ದ. ಕೋಡನ್ನು ಕೊನೆಯ ಸಾಲಿನವರೆಗೂ ಓದುವವಳು ಉಡುಸಲಮ್ಮ ಒಬ್ಬಳೇ ಎಂದು ಗೊತ್ತಾದ ಮೇಲೆ ರಿವ್ಯೂ ಅವಳ ಪಾಲಿಗೆ ಬಂತು. ಅವಳು ಒಪ್ಪಿಗೆ ಕೊಡದೆ ಏನೂ ಹೊರಗೆ ಹೋಗುವಂತಿರಲಿಲ್ಲ. ಮನೆಯಲ್ಲಿ ಯಾರೂ ಅವಳ ಮಾತಿಗೆ ಕಾಯುತ್ತಿರಲಿಲ್ಲ, ಇಲ್ಲಿ ಕಾಯುತ್ತಿದ್ದರು. ಆ ಹುಳಿವಾಸನೆಯ ಮಹಡಿಯನ್ನು ಅವಳು ಇಷ್ಟಪಟ್ಟದ್ದು ಇದೊಂದಕ್ಕೇ.

ತಪ್ಪನ್ನು ಅವಳು ಕೂಡಲೇ ಹಿಡಿಯುತ್ತಿದ್ದಳು. ಹೇಳುವುದೇ ಕಷ್ಟ. ‘ಚೆನ್ನಾಗಿದೆ. ಹೀಗೆ ಮಾಡಿದರೆ ಇನ್ನೂ ಚೆನ್ನ’ ಎಂದು ಬರೆದು ಒಪ್ಪಿಗೆಯನ್ನೂ ಒತ್ತಿಬಿಡುತ್ತಿದ್ದಳು. ಕೋಡು ಬರೆಯುವ ಚೌಡೇಶ, ನೇಕಾರರ ಮನೆಯ ಚುರುಕು ಹುಡುಗ, ಮೊದಲ ಪದ ಓದಿ ಚಹಾಕ್ಕೆ ಇಳಿಯುತ್ತಿದ್ದ.

ಎರಡು ಸಾವಿರದ ಏಳರಲ್ಲಿ ಕಲ್ಯಾಣದುರ್ಗದ ಕೇಬಲ್ ಟಿವಿ ಮಾಲೀಕ ಲಕ್ಷ್ಮಣಪ್ಪ ಶ್ರೀರಾಮುಲುವಿನ ಒಂದು ಪೆಟ್ಟಿಗೆಯನ್ನು ಪರೀಕ್ಷೆಗೆಂದು ತೆಗೆದುಕೊಂಡ. ಹಿಡಿಸಿದರೆ ಸುತ್ತಲ ಹಳ್ಳಿಗಳಿಗೆಲ್ಲ ಅದನ್ನೇ ಕೊಳ್ಳುವುದು ಎಂದು ಮಾತಾಯಿತು. ಆ ಪೆಟ್ಟಿಗೆಯಲ್ಲಿ ಫೈಬರ್ ತಂತಿಗೆಂದು ಒಂದು ಗೂಡಿತ್ತು. ಗೂಡಿನೊಳಗೆ ಹೆಬ್ಬೆರಳಿನಷ್ಟು ಉದ್ದದ, ಬೆಳ್ಳಿಯಂತೆ ಹೊಳೆಯುವ ಮಾಡ್ಯೂಲ್ ಕೂರುತ್ತದೆ. ತಂತಿಯಲ್ಲಿ ಬೆಳಕನ್ನು ಕಳಿಸುವುದೂ ಬಂದ ಬೆಳಕನ್ನು ಹಿಡಿಯುವುದೂ ಅದರ ಕೆಲಸ. ತನ್ನನ್ನು ಯಾರು ಮಾಡಿದರು, ತನಗೆ ಎಷ್ಟು ಬಿಸಿಯಾಗಿದೆ, ಎಷ್ಟು ಬೆಳಕು ಬರುತ್ತಿದೆ ಎಂಬುದನ್ನೆಲ್ಲ ಕೇಳಿದರೆ ಹೇಳುತ್ತದೆ. ಹಾಗೆ ಕೇಳಿ ಪರದೆಯ ಮೇಲೆ ತೋರಿಸುವ ಕೋಡನ್ನು ಚೌಡೇಶ ಬರೆದ. ಹಿಂದೂಪುರದಲ್ಲಿ ಕೂತು ಟೆಲಿಫೋನ್ ಲೈನಿನ ಮೂಲಕ ಅದನ್ನು ನೋಡಬಹುದಿತ್ತು. ಮೆಟ್ಟಿಲು ಹತ್ತಿ ಪೆಟ್ಟಿಗೆ ನೋಡುವ ಕಷ್ಟವೇ ಬೇಡ ಎಂಬುದು ಶ್ರೀರಾಮುಲುವಿನ ಮುಖ್ಯ ಜಾಹೀರಾತು.

ಉಡುಸಲಮ್ಮ ಕೋಡು ಓದಿದಳು. ಗೂಡಿನಲ್ಲಿ ಮಾಡ್ಯೂಲ್ ಇದೆಯೋ ಎಂದು ವಿಚಾರಿಸದೆಯೇ ಕೋಡು ಪ್ರಶ್ನೆ ಕೇಳಲು ಶುರುಮಾಡುತ್ತಿತ್ತು. ಚೌಡೇಶನನ್ನು ಕರೆದು ಕೇಳಿದಳು. ಖಾಲಿ ಗೂಡನ್ನು ಯಾರು ಕೊಂಡುಕೊಳ್ಳುತ್ತಾರಕ್ಕಾ ಎಂದು ಅವನು ನಕ್ಕ. ‘ಚೆನ್ನಾಗಿದೆ. ಗೂಡು ಖಾಲಿ ಇದ್ದಾಗ ಏನು ಹೇಳುತ್ತದೆಂದು ನೋಡಿದರೆ ಇನ್ನೂ ಚೆನ್ನ’ ಎಂದು ಬರೆದು ಒಪ್ಪಿಗೆ ಒತ್ತಿದಳು. ಚೌಡೇಶ ಚಹಾಕ್ಕೆ ಇಳಿದ.

ಎರಡು ವಾರಕ್ಕೆ ಲಕ್ಷ್ಮಣಪ್ಪನ ಫೋನ್ ಬಂತು. ಆ ಫೈಬರ್ ತಂತಿ ತಲುಪುವ ಬಸ್‌ಸ್ಟ್ಯಾಂಡಿನ ಬ್ರೌಸಿಂಗ್ ಸೆಂಟರಿನಲ್ಲಿ ಹಗಲೆಲ್ಲ ನೆಟ್ ಬರುತ್ತದೆ, ಜನ ಸೇರುವ ಸಂಜೆಯ ಹೊತ್ತಿಗೆ ಸರಿಯಾಗಿ ನಿಂತುಹೋಗುತ್ತದೆ. ಶ್ರೀರಾಮುಲು ಸಂಜೆ ಪರದೆ ನೋಡಿದ. ಬೆಳಕು ಕಡಿಮೆಯಾಗುವುದಿರಲಿ, ಹಗಲಿಗಿಂತ ಹಲವು ಪಟ್ಟು ಹೆಚ್ಚಾಗಿ, ಅಳತೆಯ ತುತ್ತತುದಿಯಲ್ಲಿ ನಿಂತಿತ್ತು. ತಯಾರಕರ ಹೆಸರಿನ ಜಾಗದಲ್ಲಿ ತಲೆಯ ಮೇಲೆ ಎರಡು ಚುಕ್ಕೆ ಹೊತ್ತ ಒಂದೇ ಇಂಗ್ಲಿಷ್ ಅಕ್ಷರ ಸಾಲಾಗಿ ಕೂತಿತ್ತು. ಹೊರದೇಶದ ಕಂಪನಿ, ಹೆಸರು ಹಾಗೇ ಇರಬಹುದು ಎಂದು ಅವನು ಮುಂದೆ ಹೋದ. ಹೊತ್ತು ಮುಳುಗಿದ ಮೇಲೆ ದೀಪ ಜಾಸ್ತಿ ಕಾಣುವುದು ಸಹಜ ಎಂದೂ ವಿವರಿಸಿದ. ದೋಷ ಪೆಟ್ಟಿಗೆಯದಲ್ಲ, ತಂತಿ ಎಲ್ಲೋ ಮುರಿದು ಬೆಳಕು ಅಲ್ಲೇ ಮಡುಗಟ್ಟಿ ನಿಂತಿದೆ ಎಂದು ಲಕ್ಷ್ಮಣಪ್ಪನಿಗೆ ತಿಳಿಸಿದ.

ಲಕ್ಷ್ಮಣಪ್ಪ ಬಸ್‌ಸ್ಟ್ಯಾಂಡ್ ತಿರುವಿನಲ್ಲಿ ರಸ್ತೆ ಅಗೆಸಿದ. ತಂತಿ ನೆಟ್ಟಗಿತ್ತು. ಶ್ರೀರಾಮುಲು ಇನ್ನೊಂದು ತಿರುವು ಹೇಳಿದ. ಅಲ್ಲಿ ಅಗೆದಾಗ ನೀರಿನ ಪೈಪ್ ಒಡೆದು, ತಂತಿಯ ಸುದ್ದಿ ಕೇಳದವರೂ ಬಿಂದಿಗೆ ಹಿಡಿದು ಲಕ್ಷ್ಮಣಪ್ಪನ ಬಾಗಿಲಿಗೆ ಬಂದರು. ಶನಿವಾರ ಬಂದು ಸರಿಮಾಡಿ, ಆಗದಿದ್ದರೆ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಿ ಎಂದು ಅವನು ಹೇಳಿ ಕಳಿಸಿದ. ಪೆಟ್ಟಿಗೆ ವಾಪಸು ಬಂದರೆ ಮಹಡಿಯನ್ನು ಹುಣಿಸೆಹಣ್ಣಿನವರಿಗೆ ಬಿಟ್ಟುಕೊಡುವುದೇ ಎಂದು ಶ್ರೀರಾಮುಲು ಎಲ್ಲರ ಮುಂದೆ ಹೇಳಿದ. ಉಡುಸಲಮ್ಮ ಲೆಕ್ಕ ಹಾಕಿಕೊಂಡಳು: ಪರಿಗಿಯ ಬಸ್ಸು ಹೋಗುವ ದೂರದಲ್ಲಿ ಇಂಥ ಇನ್ನೊಂದು ಕೆಲಸ, ಅಜ್ಜಿಯ ಮಾತಿನಲ್ಲಿ ಹೇಳುವುದಾದರೆ, ತುಂಬಿತ್ತು.

ಶನಿವಾರ ಶ್ರೀರಾಮುಲು, ಚೌಡೇಶ, ಉಡುಸಲಮ್ಮ ಮೂವರೂ ಹೊರಟರು. ದಾರಿಯಲ್ಲಿ ಬಸ್ಸು ಕೆಟ್ಟು ಕಲ್ಯಾಣದುರ್ಗ ತಲುಪುವಾಗ ಬಿಸಿಲು ಇಳಿದಿತ್ತು. ಲಕ್ಷ್ಮಣಪ್ಪ ಮನೆಯ ಕೆಳಗಿನ ಜಗಲಿಯಲ್ಲೇ ಕೂತಿದ್ದ. ಪೆಟ್ಟಿಗೆ ಇದ್ದದ್ದು ಮೇಲಿನ ಕೋಣೆಯಲ್ಲಿ. ಆ ಕೋಣೆ ನೋಡಿಕೊಳ್ಳುವ ದೊಡ್ಡಬಸಪ್ಪ ಎಂಬ ಮುದುಕ ಅದೇ ತಾನೇ ಬೀಗ ಹಾಕಿ ಮನೆಗೆ ಹೋಗಿದ್ದ. ಬೀಗ ತೆಗೆಸಲೇ ಎಂದು ಲಕ್ಷ್ಮಣಪ್ಪ ಕೇಳಿದ.

"ಯಾಕಣ್ಣಾ ಮೆಟ್ಟಿಲು ಹತ್ತೋದು? ಅದುಕ್ಕೇ ಅಲ್ವಾ ನಾವು ಇದುನ್ನ ಮಾಡಿರೋದು," ಎಂದು ಶ್ರೀರಾಮುಲು ಲ್ಯಾಪ್‌ಟಾಪ್ ಬಿಚ್ಚಿದ.

ಮೇಲಿನಿಂದ ಇಳಿಬಿಟ್ಟಿದ್ದ ತಂತಿಗೆ ಸಿಕ್ಕಿಸಿದರು. ಬ್ರೌಸಿಂಗ್ ಸೆಂಟರಿನಲ್ಲಿ ನೆಟ್ ನಿಂತು ಹತ್ತು ನಿಮಿಷವಾಗಿತ್ತು. ಪರದೆಯ ಮೇಲೆ ಬೆಳಕು ಎಂದಿನಂತೆ ತುತ್ತತುದಿಯಲ್ಲಿತ್ತು. ಶ್ರೀರಾಮುಲು ಮೂರನೆಯ ತಿರುವನ್ನು ಅಗೆಸುವ ಮಾತೆತ್ತಿದ. ಲಕ್ಷ್ಮಣಪ್ಪ ಕಣ್ಣು ಕೆಂಪಗೆ ಮಾಡಿ, ಮೊದಲು ಊಟ ಮಾಡಿ, ಹೊಟ್ಟೆ ತುಂಬಿದವರನ್ನು ಬೈದರೆ ಪಾಪ ಕಡಿಮೆ ಎಂದ.

ಲಕ್ಷ್ಮಣಪ್ಪನ ಹೆಂಡತಿ ಪೆದ್ದಕ್ಕ ಮುದ್ದೆ, ಹುರುಳಿ ಸಾರು ಬಡಿಸಿದಳು. ಊಟಕ್ಕೆ ಲೆಕ್ಕ ಹಾಕಿರದ ಮೂರು ಬಾಯಿ. ಅದರಲ್ಲಿ ಚೌಡೇಶನದು ಎರಡಕ್ಕೆ ಸಮ. ಅವನು ಮೂರನೆಯ ಸಲ ಲೋಟ ಚಾಚಿ ಮಜ್ಜಿಗೆ ಕೇಳಿದ. ಒಳಗಿನಿಂದ ಪೆದ್ದಕ್ಕನ ದನಿ ಬಂತು.

"ಮಜ್ಜಿಗೆ ತುಂಬೈತೆ ಕಣಪ್ಪ."

ಹಾಸ್ಟೆಲಿನಲ್ಲಿ ಬೆಳೆದ ಚೌಡೇಶ ಸಂತೋಷದಿಂದ ಲೋಟ ಹಿಡಿದೇ ಕೂತ. ಉಡುಸಲಮ್ಮನ ಕೈಯಲ್ಲಿದ್ದ ಮುದ್ದೆ ಅಲ್ಲೇ ನಿಂತಿತು. ಅವಳು ಚೌಡೇಶನ ಲೋಟ ನೋಡಿದಳು, ಜಗಲಿಯ ಮೇಲಿದ್ದ ಲ್ಯಾಪ್‌ಟಾಪ್ ನೋಡಿದಳು. ಪೆಟ್ಟಿಗೆಯೊಳಗೆ ಮಾಡ್ಯೂಲಿನ ಉತ್ತರ ಬರುವ ತಂತಿಯ ವಿದ್ಯುತ್ ಮಟ್ಟವನ್ನು ಮಾಡ್ಯೂಲ್ ಕೆಳಗೆಳೆಯದಿದ್ದರೆ ಅದು ಮೇಲೇ ನಿಂತಿರುತ್ತದೆ ಎಂಬುದು ಅವಳಿಗೆ ಪುಸ್ತಕದಲ್ಲಿ ಓದಿ ಗೊತ್ತಿತ್ತು. ಮೇಲೇ ನಿಂತ ತಂತಿಯನ್ನು ಯಂತ್ರ ತನಗೆ ಗೊತ್ತಿರುವ ಅತಿ ದೊಡ್ಡ ಸಂಖ್ಯೆಯಾಗಿ ಓದಿಕೊಳ್ಳುತ್ತದೆ; ಹೆಸರಿನ ಜಾಗದಲ್ಲಿ ಅದೇ ಸಂಖ್ಯೆ ಎರಡು ಚುಕ್ಕೆಯ ಆ ಅಕ್ಷರವಾಗಿ ಕಾಣುತ್ತದೆ. ಉತ್ತರ ಕೊಡುವವರೇ ಮನೆಯಲ್ಲಿರದಾಗ ಮನೆ ತುಂಬಿದೆ ಎನ್ನುತ್ತದೆ. ಅವಳೂ ಮೂರನೇ ತರಗತಿಯಲ್ಲಿ ಹಾಗೇ ಅಂದಿದ್ದಳು.

"ಸಾರ್," ಎಂದಳು, "ಆ ಗೂಡು ತುಂಬೈತೆ."

"ಅದುನ್ನೇ ಅಲ್ವಾ ನಾನೂ ಬಡ್ಕೊಂತಿರೋದು," ಎಂದ ಶ್ರೀರಾಮುಲು. "ಕೇಳಣ್ಣಾ, ನಮ್ ಅಮ್ಮಾಯೀನೂ ಹೇಳ್ತಾಳೆ."

"ಹಂಗಲ್ಲ ಸಾರ್. ಮಜ್ಜಿಗೆ ತುಂಬೈತಲ್ಲ, ಹಂಗೆ ತುಂಬೈತೆ."

"ತುಂಬಿದ್ಮೇಲೆ ಬರ್ಲಿ ಬುಡಕ್ಕಾ," ಎಂದು ಚೌಡೇಶ ಲೋಟವನ್ನು ಇನ್ನಷ್ಟು ಮುಂದೆ ಚಾಚಿದ.

ಲಕ್ಷ್ಮಣಪ್ಪ ತಾಳ್ಮೆಗೆಟ್ಟ. ಏಮಯ್ಯಾ ಇದು, ನನ್ನ ಮನೆಯ ಮಜ್ಜಿಗೆಗೂ ನಿಮ್ಮ ಪೆಟ್ಟಿಗೆಗೂ ಏನು ಸಂಬಂಧ, ನಾಳೆ ಬೆಳಿಗ್ಗೆ ಬಸ್ಸಿಗೆ ಅದನ್ನು ಕಟ್ಟಿಕೊಡುತ್ತೇನೆ ಎಂದು ಎಲೆ ಬಿಟ್ಟು ಏಳಲು ಹೊರಟ. ಅವನು ಎದ್ದರೆ ಕೆಲಸವೂ ಎದ್ದಂತೆ ಎಂದು ಉಡುಸಲಮ್ಮನಿಗೆ ಕಂಡಿತು. ಎಂಜಲು ಕೈಯಲ್ಲೇ ಎದ್ದು ನಿಂತಳು.

"ಇಲ್ಲ," ಎಂದಳು. "ಗೂಡ್ನಾಗೆ ಮಾಡ್ಯೂಲ್ ಇಲ್ಲ. ಬೆಳಕೂ ಇಲ್ಲ. ಆ ಕೋಡ್ ಸರಿ ಇಲ್ಲ. ನಾನು ಒಪ್ಪಬಾರದಾಗಿತ್ತು, ಒಪ್ಬುಟ್ಟೆ."

ಒಂದು ಸಲ ಬಾಗಿಲು ತೆರೆದ ಮೇಲೆ ನಾಲ್ಕು ‘ಇಲ್ಲ’ಗಳೂ ನುಗ್ಗಿ ಬಂದಿದ್ದವು. ಅಡುಗೆಮನೆಯ ಬಾಗಿಲಲ್ಲಿ ಪೆದ್ದಕ್ಕ ಕಾಣಿಸಿಕೊಂಡಳು.

"ಉಣ್ಣೋ ಹೊತ್ನಾಗೆ ಅದೇನಮ್ಮಾ ಅಷ್ಟೊಂದು ಇಲ್ಲ ಅಂಬೋದು? ಎಂಥ ಮನೇಲಿ ಬೆಳೆಸ್ಯವ್ರೆ ನಿನ್ನ?"

ಮುದುಕ ಬೀಗ ಹಾಕಿ ಹೋಗುವ ಹೊತ್ತಿಗೇ ನೆಟ್ ನಿಲ್ಲುತ್ತದಲ್ಲ, ಅವನನ್ನು ಕರೆಸಿ ಎಂದು ಉಡುಸಲಮ್ಮ ಲಕ್ಷ್ಮಣಪ್ಪನಿಗೆ ಹೇಳಿದಳು.

ದೊಡ್ಡಬಸಪ್ಪನನ್ನು ಸೈಕಲ್ಲಿನಲ್ಲಿ ಕೂರಿಸಿ ಕರೆತಂದರು. ಅವನು ಕೀಲಿಕೈ ಹಿಡಿದು ಮೆಟ್ಟಿಲು ಹತ್ತಲು ಹೋದಾಗ ಉಡುಸಲಮ್ಮ, ಕೀಲಿಕೈ ಬೇಡ ತಾತಾ, ಆ ಬೆಳ್ಳಿ ತುಂಡು ಎಲ್ಲಿ ಎಂದು ಕೇಳಿದಳು. ಮುದುಕ ಯಾವ ಅಳುಕೂ ಇಲ್ಲದೆ ಸೊಂಟದ ಸಂಚಿ ಬಿಚ್ಚಿ, ಎಲೆ ಅಡಿಕೆಯ ಪಕ್ಕದಿಂದ ಹತ್ತಿಯಲ್ಲಿ ಸುತ್ತಿದ ಮಾಡ್ಯೂಲನ್ನು ತೆಗೆದ. ಅದರ ಬೆನ್ನಿಗೆ ಒಂದು ಕುಂಕುಮದ ಬೊಟ್ಟಿತ್ತು.

"ಕಣ್ಣಿದ್ದಂಗೆ ಕಾಯಿ ಅಂತ ನೀನೇ ಅಲ್ವೇನಪ್ಪಾ ಹೇಳಿದ್ದು?" ಎಂದು ಲಕ್ಷ್ಮಣಪ್ಪನನ್ನೇ ಕೇಳಿದ. "ರಾತ್ರಿ ಕಳ್ರು ಬಂದ್ರೆ? ದಿನಾ ಹೋಗೋವಾಗ ಕಿತ್ಕೊಂಡ್ ಹೋಯ್ತೀನಿ, ಬೆಳಿಗ್ಗೆ ಬಂದು ಸಿಕ್ಕಿಸ್ತೀನಿ. ಒಂದಿನ ತಪ್ಪಿಸಿದ್ರೆ ಕೇಳು."

ಕೆಲಸಗಾರನ ಶ್ರದ್ಧೆಯಲ್ಲಿ ದೋಷ ಕಂಡುಹಿಡಿಯುವಂತಿರಲಿಲ್ಲ. ಮಾಡ್ಯೂಲ್ ಗೂಡಿಗೆ ಹೋಯಿತು. ಬ್ರೌಸಿಂಗ್ ಸೆಂಟರಿನಿಂದ ನೆಟ್ ಬಂತೆಂದು ಕೂಗಿ ಹೇಳಿದರು. ಆದರೆ ಲಕ್ಷ್ಮಣಪ್ಪನ ಸಿಟ್ಟು ಈಗ ಇನ್ನೂ ಹೆಚ್ಚಾಗಿತ್ತು. ಏನೂ ಇರದ ಗೂಡನ್ನು ತುಂಬಿದೆ ಎನ್ನುವ ಪೆಟ್ಟಿಗೆಯನ್ನು ನಂಬಿ ತಾನು ಎರಡು ಸಲ ರಸ್ತೆ ಅಗೆಸಿದೆನಲ್ಲ, ಇಂಥ ಸುಳ್ಳುಗಾರನನ್ನು ಮನೆಯಲ್ಲಿ ಇಟ್ಟುಕೊಳ್ಳಲೇ ಎಂದ. ಶ್ರೀರಾಮುಲುವಿನ ಬಳಿ ವಿವರಣೆಗಳು ತೀರಿದ್ದವು.

ಇಲ್ಲೇ ಕೂತು ಸರಿಮಾಡುತ್ತೇವೆ, ನೀವು ನೋಡಿ ಒಪ್ಪಿದರೆ ಇಟ್ಟುಕೊಳ್ಳಿ ಎಂದು ಉಡುಸಲಮ್ಮ ಹೇಳಿದಳು. ಚೌಡೇಶ ಜಗಲಿಯಲ್ಲಿ ಕೂತು ಕೋಡು ತಿದ್ದಿದ. ಉತ್ತರ ಬರದಿದ್ದರೆ ಪರದೆ ಬರಿದಾಗಿರುವಂತೆ ಮಾಡಿದ.

"ಇಲ್ಲ," ಎಂದಳು.

ಅವನು ಅವಳ ಮುಖ ನೋಡಿದ. ‘ಇನ್ನೂ ಚೆನ್ನ’ ಬರಬಹುದೆಂದು ಸ್ವಲ್ಪ ಕಾದ. ಬರದೆ ಹೋದಾಗ ಮತ್ತೆ ತಿದ್ದಿದ. ಈ ಸಲ ಬೆಳಕಿನ ಜಾಗದಲ್ಲಿ ಸೊನ್ನೆ ಬಂತು.

"ಇಲ್ಲ. ಸೊನ್ನೆ ಅಂದ್ರೆ ತಂತಿ ತುಂಡಾಗೈತೆ ಅಂತ ಆಯ್ತದೆ. ಇವ್ರು ಮತ್ತೆ ರೋಡ್ ಅಗೀತಾರೆ."

"ಅಗೆಯಲ್ಲ ತಾಯಿ," ಎಂದ ಲಕ್ಷ್ಮಣಪ್ಪ.

ಗೂಡಿನಲ್ಲಿ ಏನಾದರೂ ಕೂತಿದೆಯೋ ಎಂದು ತಿಳಿಸುವುದಕ್ಕೆಂದೇ ಮುಳ್ಳಿನಂಥ ಒಂದು ಸಣ್ಣ ಪಿನ್ ಪೆಟ್ಟಿಗೆಯಲ್ಲಿ ಮೊದಲಿನಿಂದಲೂ ಇತ್ತು. ಅದನ್ನು ಮೊದಲು ಕೇಳು, ಅದು ಹೂಂ ಎಂದರೆ ಮಾತ್ರ ಉಳಿದದ್ದನ್ನು ಕೇಳು, ಹೂಂ ಎನ್ನದಿದ್ದರೆ ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದಳು. ಚೌಡೇಶ ಬರೆದ. ದೊಡ್ಡಬಸಪ್ಪ ಮೇಲಿನ ಕಿಟಕಿಯಲ್ಲಿ ನಿಂತು ಮಾಡ್ಯೂಲನ್ನು ಕೀಳುವುದೂ ಸಿಕ್ಕಿಸುವುದೂ ಮಾಡಿದ. ಕಿತ್ತಾಗಲೆಲ್ಲ ಪರದೆಯ ಮೇಲೆ ‘ನಾಟ್ ಪ್ರೆಸೆಂಟ್’ ಎಂದು ಬಂತು. ಇಂಗ್ಲಿಷಿನ ವಿಚಾರದಲ್ಲಿ ಗಂಗುಲಮ್ಮ ಯಾವ ಕಾನೂನನ್ನೂ ಮಾಡಿರಲಿಲ್ಲ ಎಂಬುದು ಉಡುಸಲಮ್ಮನಿಗೆ ಆಗ ನೆನಪಾಯಿತು. ಇಷ್ಟು ವರ್ಷ ತೆರೆದೇ ಇದ್ದ ಬಾಗಿಲನ್ನು ತಾನು ತಳ್ಳಿಯೇ ನೋಡಿರಲಿಲ್ಲ.

ಲಕ್ಷ್ಮಣಪ್ಪ ಕೆಳಗಿನಿಂದ, ತಾತಾ, ಈಗ ಏನು ಮಾಡಿದೆ ಎಂದು ಕೂಗುವುದು, ಪರದೆ ಹೇಳಿದ್ದು ಅವನ ಉತ್ತರಕ್ಕೆ ಹೊಂದುತ್ತದೋ ನೋಡುವುದು, ಹೀಗೆ ಬಹಳ ಹೊತ್ತು ಆಟವಾಡಿದ. ಕೊನೆಗೆ ಪೆಟ್ಟಿಗೆ ಇಲ್ಲೇ ಇರಲಿ ಎಂದ. ಮುಂದಿನ ಪೆಟ್ಟಿಗೆಗಳಿಗೂ ಒಪ್ಪಿದ, ಒಂದು ಷರತ್ತಿನ ಮೇಲೆ: ಪ್ರತಿಯೊಂದನ್ನೂ ಕಳಿಸುವ ಮೊದಲು ಸರಿಯಿದೆ ಎಂದು ಫೋನಿನಲ್ಲಿ ಈ ಅಮ್ಮಾಯಿಯೇ ಹೇಳಬೇಕು. ಶ್ರೀರಾಮುಲು ಹೇಳಿದರೆ ಲೆಕ್ಕಕ್ಕಿಲ್ಲ. ಶ್ರೀರಾಮುಲು ಇದನ್ನು ತನಗೆ ಸಂದ ಗೌರವವೆಂಬಂತೆ ತಲೆದೂಗಿದ.

ಹುಣಿಸೆಹಣ್ಣಿನವರಿಗೆ ಮಹಡಿ ಸಿಗಲಿಲ್ಲ. ಸೋಮವಾರದಿಂದ ಉಡುಸಲಮ್ಮನ ರಿವ್ಯೂಗಳ ಮೊದಲ ಪದ ಬದಲಾಯಿತು. ಮೊದಲ ಪದ ಮಾತ್ರ ಓದುವ ಚೌಡೇಶನಿಗೆ ಚಹಾಕ್ಕೆ ಇಳಿಯುವುದು ತಡವಾಗತೊಡಗಿತು.

ಅದರ ಮುಂದಿನ ಭಾನುವಾರ ಪರಿಗಿಯಲ್ಲಿ ಅವಳು ನಡೆದದ್ದೆಲ್ಲವನ್ನೂ ಅಜ್ಜಿಗೆ ಹೇಳಿದಳು, ತಾನು ಒಂದೇ ಸಲಕ್ಕೆ ಆಡಿದ ಆ ನಾಲ್ಕು ಮಾತನ್ನು ಬಿಟ್ಟು. ಗಂಗುಲಮ್ಮ ಮೊರದಲ್ಲಿ ರಾಗಿ ಹಸನು ಮಾಡುತ್ತ ಕೇಳಿಸಿಕೊಂಡಳು. ಗೂಡಿನಲ್ಲಿ ಏನೂ ಇರದಾಗ ಪೆಟ್ಟಿಗೆ ತುಂಬಿದೆ ಎಂದು ಹೇಳಿತು ಎಂಬಲ್ಲಿ ಕೈ ನಿಲ್ಲಿಸಿದಳು.

"ಪೆಟ್ಟಿಗೆ ಸರಿಯಾಗೇ ಹೇಳೈತೆ ಕಣಮ್ಮ," ಎಂದಳು. "ಒಳ್ಳೇ ಮನೆಯೋರು ಮಾಡಿರಬೇಕು. ನೀವು ಓದಿದೋರಿಗೆ ತಿಳಿಯೋದು ತಡ ಆತು."