ಚೊಗರು ಬಳಿದ ಗಿಟಾರು

ನನ್ನ ಅಕ್ಕ ದುಗ್ಗಮ್ಮನ ಗಂಡ ಕೆರಿಯಪ್ಪ ಸಾಗರದಲ್ಲಿ ಬಾಗಿಲು, ಕಿಟಕಿ ಮಾಡುವ ಬಡಗಿ. ಬಲು ಶಾಂತ ಮನುಷ್ಯನೆಂದು ಊರು ಹೇಳುತ್ತಿತ್ತು. ಊರಿಗೇನು ಗೊತ್ತು? ಬ್ಯಾಂಡ್ ಸೆಟ್ಟಿನ ಸುಬ್ಬರಾಯನ ಮೇಲೆ ಅವನು ಒಂದು ವರ್ಷ ಹಲ್ಲು ಮಸೆದದ್ದನ್ನು ಕಂಡವನು ನಾನು. ಸುಬ್ಬರಾಯನೆಂದರೆ ನನಗೂ ಮೈ ಉರಿಯುತ್ತಿತ್ತು, ಮುಚ್ಚಿಡುವುದೇನು.

ಶಿವಮೊಗ್ಗದಲ್ಲಿ ಆರ್ಕೆಸ್ಟ್ರಾ ನೋಡಿ ಬಂದ ಭಾವ, ಹಲಸಿನ ಹಲಗೆ ಕೆತ್ತಿ ಕರೆಂಟಿನ ಗಿಟಾರು ಮಾಡಿದ. ಸೈಕಲ್ ಕಡ್ಡಿ ಕತ್ತರಿಸಿ, ವೀಣೆಗಿರುವಂತೆ ಕತ್ತಿನ ಮೇಲೆ ಮೆಟ್ಟು ಕೂರಿಸಿದ. ಹಳೆಯ ಹೆಡ್‌ಫೋನಿನ ಆಯಸ್ಕಾಂತ, ತಂತಿಯ ಸುರುಳಿ ಜೋಡಿಸಿ ವೈರನ್ನು ನನ್ನ ಮೈಕ್ ಸೆಟ್ಟಿಗೆ ಸಿಕ್ಕಿಸಿದ. ಲಗ್ನಗಳಿಗೆ ಮೈಕ್ ಹಾಕುವುದೇ ನನ್ನ ಕಸುಬು. ಕಡೆಗೆ ವಾರ್ನಿಷ್ ಬದಲು, ಅಡಿಕೆ ಬೇಯಿಸಿ ಉಳಿದ ಕೆಂಪು ರಸವಾದ ಚೊಗರನ್ನು ನಾಲ್ಕು ಸಲ ಬಳಿದ. ಅಡಿಕೆಗೆ ಬಣ್ಣ ಕೊಡುವುದು ಮರಕ್ಕೆ ಕೊಡದೆ ಇದ್ದೀತೇ? ನಮ್ಮ ಸೀಮೆಯವರಿಗೆ ಮಾತ್ರ ಹೊಳೆಯುವ ಬುದ್ಧಿ!

ಸುಬ್ಬರಾಯ ಅವನನ್ನು ತನ್ನ ಬ್ಯಾಂಡ್ ಸೆಟ್ಟಿಗೆ ಸೇರಿಸಿಕೊಂಡ. ಅರವತ್ತಾರನೇ ಇಸವಿಯ ಬೇಸಿಗೆಯಲ್ಲಿ ಹೊಸನಗರದ ಒಂದು ಲಗ್ನ. ಬೆವರಿಗೆ ಚೊಗರು ಕರಗಿತು. ಬೆರಳು ಅಂಟಿಕೊಂಡು ಹಾಡು ಹಿಂದೆ ಬಿತ್ತು, ಮೈಕು ಗುಂಯ್ ಎಂದಿತು. ಭಾವನ ಬಿಳಿ ಅಂಗಿಯ ಹೊಟ್ಟೆಯೆಲ್ಲ ಕೆಂಪು. ಚಪ್ಪರದಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಸುಬ್ಬರಾಯ ಕ್ಲಾರಿಯೋನೆಟ್ ಇಳಿಸಿ ಎಲ್ಲರೆದುರು ಕೂಗಿದ:

"ಬಾಗ್ಲು ಕೆತ್ತೋನಿಗೆ ಸಂಗೀತ ಎಂತಕ್ಕೋ? ತಗಂಡ್ ಹೋಗಿ ಒಲೆಗ್ ಹಾಕು!"

ಊಟದ ಎಲೆ ಹಾಕಿದ್ದರೂ ಅವನನ್ನು ಕೂರಿಸದೆ ಬಸ್ಸಿಗೆ ಅಟ್ಟಿದ. ಲಗ್ನದ ಮನೆಯಿಂದ ಹಸಿದ ಹೊಟ್ಟೆಯಲ್ಲಿ ಕಳಿಸುವುದನ್ನು ನಾವು ಶತ್ರುವಿಗೂ ಮಾಡುವುದಿಲ್ಲ.

"ಅವ್ನ ಬಾಯಿ ಮುಚ್ಚುಸ್ತೀನಿ, ಇದ್ರಲ್ಲೇ," ಎಂದ ಭಾವ, ಗಿಟಾರನ್ನು ತಟ್ಟಿ. ಮರುದಿನವೇ ಉಳಿ ಹಿಡಿದ. ಚೊಗರನ್ನೆಲ್ಲ ಕೆರೆದು ಬರಿ ಮರಕ್ಕೆ ಎಣ್ಣೆ ಉಜ್ಜಿದ. ಪಕ್ಕೆಗೆ ಒತ್ತುತ್ತಿದ್ದ ಹಿಂಬದಿಯನ್ನು ಹೊಟ್ಟೆ ಕೂರುವಷ್ಟು ತಗ್ಗು ಮಾಡಿದ. ಮೊಣಕೈ ಊರುವ ಅಂಚನ್ನು ನುಣುಪಾಗಿಸಿದ. ಗುದ್ದಲಿ ಕಾವಿನಂತಿದ್ದ ಕತ್ತನ್ನು ಅರ ಹಾಕಿ ಸಣ್ಣಗೆ ಮಾಡಿದ, ತಂತಿಗಳನ್ನು ಮೆಟ್ಟಿನ ಹತ್ತಿರಕ್ಕೆ ಇಳಿಸಿದ. ಅರ ಎಳೆದಾಗೆಲ್ಲ ಸುಬ್ಬರಾಯನಿಗೊಂದು ಬೈಗುಳ.

"ಆ ಸಿಟ್ಟು ಅನ್ನದ ಮೇಲೆ ತೋರ್ಸಿದ್ರೆ ಎರಡು ತುತ್ತಾದ್ರೂ ಒಳಗ್ ಹೋಗ್ತಿತ್ತು," ಎನ್ನುತ್ತಿದ್ದಳು ಅಕ್ಕ.

ಗುಂಯ್‌ಗುಡುವುದಕ್ಕೆ ಮದ್ದು ನನ್ನದು. ಸುರುಳಿಯ ಸುತ್ತ ಸಿಗರೇಟ್ ಪೊಟ್ಟಣದ ಬೆಳ್ಳಿ ಕಾಗದ ಸುತ್ತಿ ಅರ್ಥ್ ವೈರಿಗೆ ಸೇರಿಸಿದೆ. ಸದ್ದು ತಿಳಿಯಾಯಿತು. ಭಾವ ದಿನಾ ಸಂಜೆ ಬೆರಳು ಒಡೆಯುವವರೆಗೆ ನುಡಿಸಿದ.

ಮರುವರ್ಷ ಸುಬ್ಬರಾಯನ ಮಗಳ ಲಗ್ನ, ಕೋಣಂದೂರಿನ ಗಂಡಿನ ಮನೆಯಲ್ಲಿ. ಗಂಡಿನ ಕಡೆಯವರು ಮೈಕಿಗೆ ನನ್ನನ್ನು ಕರೆದರು. ನಾನು ಭಾವನನ್ನೂ ಕರೆದೊಯ್ದೆ. ಹೆಣ್ಣಿನ ಅಪ್ಪ ಧಾರೆ ಎರೆಯಬೇಕು, ವಾದ್ಯ ಹಿಡಿಯುವಂತಿಲ್ಲ. ಅವನಿಲ್ಲದ ಸೆಟ್ಟು ತಾಳ ತಪ್ಪಿ ಒದ್ದಾಡುತ್ತಿತ್ತು. ಪುರೋಹಿತರು "ಗಟ್ಟಿಮೇಳ!" ಎಂದದ್ದೇ ತಡ, ನಾನು ಮೈಕು ಏರಿಸಿದೆ, ಭಾವ ತಂತಿ ಮೀಟಿದ. ಚಪ್ಪರವೇ ಇತ್ತ ತಿರುಗಿತು. ಬ್ಯಾಂಡಿನವರು ಊದುವುದನ್ನು ಬಿಟ್ಟರು. ಸುಬ್ಬರಾಯನೂ ತಿರುಗಿದ, ಅವನು ಎರೆಯುತ್ತಿದ್ದ ಗಿಂಡಿಯ ನೀರು ಮಗಳ ಕೈ ಮೇಲೆ ಬೀಳದೆ ನೆಲಕ್ಕೆ ಸುರಿಯಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅಂದಿನಿಂದ ಲಗ್ನ ಮಾಡುವವರೆಲ್ಲ ಗಿಟಾರನ್ನೇ ಕೇಳತೊಡಗಿದರು. ತಿಂಗಳೊಳಗೆ ಸುಬ್ಬರಾಯ ಭಾವನ ಮನೆಗೆ ಬಂದ.

"ಸೆಟ್ಟಿಗೆ ವಾಪಸ್ ಬಾ ಮಾರಾಯ."

"ಬರ್ತೀನಿ. ಮುಂದೆ ನಾನು ನಿಲ್ತೀನಿ. ನೀವು ಹಿಂದೆ ನಿಂತು ಊದಿ."

ಮನೆಯಲ್ಲಿ ಮದುವೆಯಾಗದ ಇನ್ನಿಬ್ಬರು ಹೆಣ್ಣುಮಕ್ಕಳಿದ್ದ ಮನುಷ್ಯ ಒಪ್ಪಿ ತಲೆಯಾಡಿಸಿದ. ಸಾಗರ, ತೀರ್ಥಹಳ್ಳಿ ಎಂದು ಎರಡು ವರ್ಷ ಹಿಂದೆ ನಿಂತೇ ಊದಿದ. ಎಂಥ ಉಸಿರು! ಭಾವ ತಪ್ಪಿದಲ್ಲೆಲ್ಲ ಅವನು ಯಾರಿಗೂ ತಿಳಿಯದಂತೆ ಹಾಡನ್ನು ಎತ್ತಿ ಹಿಡಿಯುತ್ತಿದ್ದ. ಅದು ನನಗೆ ಗೊತ್ತಿತ್ತು, ಭಾವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಭಾವ ಒಂದು ದಿನವೂ ಹಿಂದೆ ತಿರುಗಿ ನೋಡಲಿಲ್ಲ. ನಾನೂ ಸುಬ್ಬರಾಯನ ಮುಂದೆ ಮೈಕ್ ಇಡಲಿಲ್ಲ.