ಯುರಾಯ್‌ನ ಎಡಗೈ

ಪೆನ್ಸಿಲ್ವೇನಿಯಾದ ನಮ್ಮ ಗಣಿ ಬೀದಿಯಲ್ಲಿ ಮಾತೆಯ್‌ಗೆ ತಲೆ ಕೆಟ್ಟಿದೆ ಅಂತಲೇ ಎಲ್ಲರ ಲೆಕ್ಕ. ಕಲ್ಲಿದ್ದಲ ಧೂಳಿಗೆ ಶ್ವಾಸಕೋಶ ಹಾಳಾಗಿ ಮನೆ ಸೇರಿದವನು ಸುಮ್ಮನೆ ಕೂರಬೇಕೋ ಬೇಡವೋ? ಮೇಣ ಬಳಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದಿ, ಗೀರುಗಳಿಗೆ ಮಸಿ ತುಂಬಿ, ಬಟ್ಟೆ ಹಿಂಡುವ ಯಂತ್ರದಲ್ಲಿ ಕಾಗದ ಒತ್ತಿ ಚಿತ್ರ ತೆಗೆಯುತ್ತಿದ್ದ. ಸಂತರ ಚಿತ್ರವಲ್ಲ, ಮಾಲೀಕರ ಚಿತ್ರವೂ ಅಲ್ಲ. ಬುತ್ತಿ ಡಬ್ಬಿ ಹಿಡಿದ ನಮ್ಮಂಥವರದು.

"ನನ್ನ ಮೂಗು ಇಷ್ಟು ದಪ್ಪಾನಾ?" ಎಂದು ನಾನೇ ಜಗಳ ತೆಗೆದಿದ್ದೆ.

"ಸಣ್ಣ ಮಾಡೇ ಬರ್ದಿದ್ದೀನಿ ಕಣಮ್ಮ" ಅಂದಿದ್ದ.

ಕಾಗದಕ್ಕೆ ಬರುವಾಗ ಚಿತ್ರದ ಎಡಬಲ ಅದಲುಬದಲಾಗುತ್ತದೆ. ಅದಕ್ಕೇ ಅವನು ಯಾವಾಗಲೂ ಕನ್ನಡಿಯಲ್ಲಿ ನೋಡಿಕೊಂಡು ಗೀರುತ್ತಿದ್ದ. ಗೆಳೆಯ ಯುರಾಯ್ ಪಾಳಿ ಮುಗಿಸಿ ಕರಿ ಮುಖದಲ್ಲೇ ಬಂದು ಕೂತ ದಿನ ಮಾತ್ರ ಕನ್ನಡಿ ಇಟ್ಟುಕೊಳ್ಳಲಿಲ್ಲ.

"ಬೇಗ ಮುಗ್ಸೋ. ಎಲೆಕೋಸಿನ ಸಾರು ಆರಿದ್ರೆ ಜುಜಾನಾ ನನ್ನ ಸುಮ್ನೆ ಬಿಡಲ್ಲ" ಎಂದು ಯುರಾಯ್ ಅವಸರ ಮಾಡುತ್ತಿದ್ದ. ಮಾತೆಯ್ ಕಂಡದ್ದನ್ನು ಕಂಡ ಹಾಗೇ ಗೀರಿಬಿಟ್ಟ.

ಮರುವಾರ ಗಣಿಯ ಸೂರು ಕುಸಿದು ಯುರಾಯ್ ಸತ್ತ. ಪೆಟ್ಟಿಗೆಗೆ ಮೊಳೆ ಹೊಡೆದೇ ಮನೆಗೆ ತಂದರು. ಹೆಂಡತಿ ಜುಜಾನಾಗೆ ಮುಖ ನೋಡಲೂ ಬಿಡಲಿಲ್ಲ. ಮನೆಯಲ್ಲಿ ಅವನದೊಂದು ಫೋಟೋ ಸಹ ಇರಲಿಲ್ಲ.

ಮಾತೆಯ್ ಆ ತಗಡಿನಿಂದ ಒಂದು ಚಿತ್ರ ಒತ್ತಿ ತಂದುಕೊಟ್ಟ. ನಾನು ಅಲ್ಲೇ ಇದ್ದೆ. ಜುಜಾನಾ ನೋಡಿದವಳೇ ಅದನ್ನು ಕೆಳಗೆ ಹಾಕಿದಳು.

"ಇವ್ನು ನನ್ನ ಗಂಡ ಅಲ್ಲ. ಎರಡು ಬೆರಳು ಹೋಗಿದ್ದು ಎಡಗೈದು, ಇಲ್ಲಿ ನೋಡಿದ್ರೆ ಬಲಗೈದು. ಹುಬ್ಬಿನ ಗಾಯಾನೂ ಎಡಗಡೇನೇ ಇದ್ದಿದ್ದು. ಅವನ ಮುಖ ತೋರಿಸ್ತೀನಿ ಅಂತ ಬಂದು ಯಾರನ್ನೋ ತೋರಿಸ್ತೀಯಲ್ಲಣ್ಣ!"

ನನಗೂ ಅವನ ಮೇಲೆ ಸಿಟ್ಟು ನೆತ್ತಿಗೇರಿತ್ತು. ಮಾತೆಯ್ ಏದುಸಿರು ಬಿಡುತ್ತಾ ಮನೆಗೆ ಹೋಗಿ, ಗೀರುಗಳು ಕಾಣಲೆಂದು ಮತ್ತೆ ಮಸಿ ತುಂಬಿ, ತಗಡನ್ನೇ ಹೊತ್ತು ತಂದ. ಇನ್ನೊಂದು ಕೈಯಲ್ಲಿ ಒರೆಸುವ ಬಟ್ಟೆ. ಒರೆಸದೆ ಬಿಟ್ಟು ಮಸಿ ಒಣಗಿದರೆ ಗೀರುಗಳು ಕಟ್ಟಿಕೊಂಡು ತಗಡು ಅಚ್ಚಿಗೆ ಬಾರದೆ ಹೋಗುತ್ತದೆ. ತನ್ನ ಕೈಯಿಂದ ಇದಕ್ಕಿಂತ ಒಳ್ಳೆಯದು ಬಂದಿಲ್ಲ ಎಂದು ಅವನೇ ಹೇಳಿಕೊಂಡಿದ್ದ ತಗಡು ಅದು.

ಜುಜಾನಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಇದರಲ್ಲಿ ಎಡಗೈಯಲ್ಲೇ ಆ ಎರಡು ಬೆರಳುಗಳಿರಲಿಲ್ಲ. ಮುಖದ ತುಂಬ ಮಸಿ.

"ಮುಖ ತೊಳ್ಕೊಂಡು ಊಟಕ್ಕೆ ಬಾ ಅಂತ ಎಷ್ಟು ಸಲ ಹೇಳ್ಲಿ ನಿಂಗೆ?" ಎಂದು ತಗಡಿಗೆ ಗದರಿದಳು. ಆಮೇಲೆ ಅತ್ತಳು. ಮಣ್ಣು ಮಾಡಿದ ದಿನವೂ ಅವಳು ಅತ್ತಿರಲಿಲ್ಲ.

ಮಾತೆಯ್ ಬಟ್ಟೆ ಮುಂದೆ ಮಾಡಿದ.

"ಒರೆಸ್ಬೇಡಣ್ಣ" ಅಂದಳು. "ಇದೊಂದ್ಸಲ ಹಂಗೇ ಊಟಕ್ಕೆ ಕೂತ್ಕೊಳ್ಲಿ."

ಮಾತೆಯ್ ಬಟ್ಟೆಯನ್ನು ಜೇಬಿಗೆ ತುರುಕಿಕೊಂಡ.