ನನ್ನ ದನಿಯಲ್ಲಿ ಬಂದ ನೀರು

ಕಳೆದ ಪಂಚಾಯಿತಿ ಚುನಾವಣೆಯಲ್ಲಿ ಊರಲ್ಲಿ ಮಿಮಿಕ್ರಿ ಮಾಡುವ ನಾನು ನನ್ನ ಗಂಟಲನ್ನು ಒಂದು ಪ್ರಚಾರದ ಆಟೋಗೆ ಬಾಡಿಗೆ ಕೊಟ್ಟೆ. ಚಿಂತಾಮಣಿಯ ಫ್ಲೆಕ್ಸ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗೋಡೆಗೆಲ್ಲ ಕಂಬಳಿ ಹೊದಿಸಿ ಅದನ್ನು ಸ್ಟುಡಿಯೋ ಎಂದು ಕರೆಯುತ್ತಾರೆ. ಅಭ್ಯರ್ಥಿ ನಮ್ಮ ಬೀದಿಯವನೇ. "ದೊಡ್ಡ ಲೀಡರ್ ಮಾತಾಡ್ದಂಗಿರ್ಬೇಕು ಕಣೋ" ಅಂದ. ಒಬ್ಬ ಲೀಡರ್‌ನ ಮೂಗುದನಿ, ಇನ್ನೊಬ್ಬರ ಕೆಮ್ಮು, ಮತ್ತೊಬ್ಬರು ಮಾತು ಮರೆತಾಗ ತೆಗೆದುಕೊಳ್ಳುವ ಗಂಭೀರ ವಿರಾಮ, ಎಲ್ಲ ಸೇರಿಸಿ ಕೂಗಿದೆ: "ತಾಯಂದಿರೇ, ಇನ್ನು ನಿಮ್ಮ ಬೀದಿಗೇ ಶುದ್ಧ ನೀರು! ಇದು ನಿಮ್ಮ ಮನೆ ಮಗನ ಮಾತು!" ಇದನ್ನೇ ತೆಲುಗಿನಲ್ಲೂ ಕೂಗಿಸಿದರು. ತೆಲುಗಿನಲ್ಲಿ ನಾನು ಇನ್ನೂ ಪ್ರಾಮಾಣಿಕನಂತೆ ಕೇಳಿಸುತ್ತೇನೆ ಎಂದು ಅಂಗಡಿಯವನು ಹೊಗಳಿದ. ನಾನೂ ಉಬ್ಬಿದೆ.

ನಮ್ಮದು ಶಿಡ್ಲಘಟ್ಟದ ಕಡೆಯ ಹಳ್ಳಿ. ಫ್ಲೋರೈಡ್ ತುಂಬಿದ ಬೋರಿನ ನೀರು ಕುಡಿದೂ ಕುಡಿದೂ ಅಮ್ಮನ ಮಂಡಿ ಮರಗಟ್ಟಿತ್ತು. ಚಿಕ್ಕಬಳ್ಳಾಪುರದ ಡಾಕ್ಟರು, "ಈ ನೀರು ಬಿಟ್ಬಿಡಿ, ಇಲ್ದಿದ್ರೆ ನಡೆಯೋದೇ ನಿಂತೋಗುತ್ತೆ" ಅಂದಿದ್ದರು. ಬೀಡಿ ಬಿಡಿ ಅಂದಷ್ಟು ಸಲೀಸಾಗಿ. ಪ್ರಚಾರದ ಆಟೋ ಬೀದಿಗೆ ಬಂದಾಗ ಅಮ್ಮ ಬಾಗಿಲು ಹಿಡಿದು ನಿಂತಳು.

"ಲೋ, ಇದು ನಿನ್ ಗಂಟ್ಲಲ್ವೇನೋ?"

"ಹೂಂ ಕಣಮ್ಮ, ಕಾಸಿಗೆ ಕೂಗಿದ್ದು."

"ಕಾಸಿಗಾದ್ರೇನು, ನನ್ ಮಗ ಹೇಳಿದ್ಮೇಲೆ ಸುಳ್ಳಾಗ್ತದಾ?"

ಅವನಿಗೇ ಓಟು ಹಾಕಿದಳು. ಪಕ್ಕದ ನಾಲ್ಕು ಮನೆಯವರಿಂದಲೂ ಹಾಕಿಸಿದಳು.

ಅವನು ಗೆದ್ದ. ನೀರಿನ ಘಟಕವೂ ಬಂತು, ಸುಳ್ಳು ಹೇಳಬಾರದು. ಟೇಪು ಕತ್ತರಿಸಿದ ದಿನ ಅಮ್ಮನ ಕೈಗೆ ಕ್ಯಾನು ಕೊಟ್ಟು ನಲ್ಲಿಯ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಕುಂಟುವವರಿದ್ದರೆ ಫೋಟೋ ಎದ್ದು ಕಾಣುತ್ತದಂತೆ. ವಾರ ತುಂಬುವಷ್ಟರಲ್ಲಿ ಮೋಟಾರು ಸುಟ್ಟುಹೋಯಿತು, ಘಟಕಕ್ಕೆ ಬೀಗ ಬಿತ್ತು. ಕಾಂಟ್ರಾಕ್ಟರು ಗೆದ್ದವನ ಬಾಮೈದ. "ಬಿಲ್ ಆಯ್ತಲ್ಲಣ್ಣ, ನನ್ ಕೆಲ್ಸ ಮುಗೀತು" ಎಂದು ಕೈ ಝಾಡಿಸಿದ.

ಅರ್ಜಿ ಹಿಡಿದು ಪಂಚಾಯಿತಿ ಆಫೀಸಿಗೆ ಹೋದೆ. ಪಿಡಿಓ ಫೈಲು ತೆರೆದರು.

"ಚಾಲ್ತೀಲಿದೆ ಅಂತ ಇದೆಯಲ್ಲಪ್ಪ."

"ಸಾರ್, ಬೀಗ ಹಾಕಿದೆ."

"ನೋಡು, ಫೋಟೋನೂ ಇದೆ. ಈಯಮ್ಮ ನೀರು ಹಿಡೀತಾವ್ರೆ."

"ಅದು ನಮ್ಮಮ್ಮ ಸಾರ್!"

"ಮತ್ತೆ? ಮನೇಗೇ ನೀರು ಬಂದಿದ್ರೂ ಕಂಪ್ಲೇಂಟಾ?"

ಮನೆಗೆ ಬಂದು ಪಿಡಿಓ ಥರವೇ ಕನ್ನಡಕ ಇಳಿಸಿ ಮಾಡಿ ತೋರಿಸಿದೆ. ಅಮ್ಮ ನಗಲಿಲ್ಲ. "ಓದಿರೋರು, ನಿಯತ್ತಿರೋರು ಯಾರಾನಾ ನಿಂತ್ಕೊಂಡ್ರೆ ಸರಿಹೋಗ್ತದೆ ಕಣಪ್ಪ" ಅಂದಳು. ನಾನೂ ನಂಬಿ, ರಿಟೈರಾದ ನಮ್ಮ ಹೆಡ್‌ಮೇಷ್ಟ್ರ ಮನೆಗೆ ಹೋಗಿ ಚುನಾವಣೆಗೆ ನಿಲ್ಲಿ ಎಂದು ಕೈಮುಗಿದೆ.

"ನಾನು ನಿಂತ್ರೆ ನೀನು ಎಷ್ಟಕ್ಕಪ್ಪ ಕೂಗ್ತೀಯಾ?"

"ನಿಮಗೆ ಫ್ರೀ ಸಾರ್."

"ಅಯ್ಯೋ, ಫ್ರೀಯಾಗಿ ಕೂಗಿದ್ರೆ ಯಾರು ನಂಬ್ತಾರೋ?" ಎಂದು ನಕ್ಕು ಕಾಫಿ ಕೊಟ್ಟು ಕಳಿಸಿದರು. ಅವರು ನಿಲ್ಲಲಿಲ್ಲ.

ಮತ್ತೆ ಚುನಾವಣೆ ಬಂತು, ಗೆದ್ದವನೇ ಮತ್ತೆ ನಿಂತ. ಈ ಸಲ ಕೂಗುವುದಿಲ್ಲ ಎಂದೆ. ದೊಡ್ಡ ತ್ಯಾಗ ಮಾಡಿದವನಂತೆ ಎರಡು ದಿನ ಓಡಾಡಿದೆ. ಮೂರನೆಯ ದಿನ ಸಂಜೆ ಆಟೋ ಬೀದಿಗೆ ಬಂತು, ಅದರೊಳಗೆ ನಾನೇ ಕೂಗುತ್ತಿದ್ದೆ. ಹಳೆಯ ರೆಕಾರ್ಡಿಂಗು. ಒಂದಕ್ಷರವನ್ನೂ ಬದಲಿಸುವ ಅಗತ್ಯ ಅವರಿಗೆ ಬಿದ್ದಿರಲಿಲ್ಲ.

ಓಡಿಹೋಗಿ ಆಟೋಗೆ ಅಡ್ಡ ನಿಂತೆ. "ನಂಬಬೇಡ್ರಪ್ಪೋ! ಅದೆಲ್ಲ ಸುಳ್ಳು! ನಾನೇ ಹೇಳಿದ್ದು, ಸುಳ್ಳು ಹೇಳಿದ್ದು!" ಗಂಟಲು ಒಡೆಯಿತು, ಕಣ್ಣಲ್ಲಿ ನೀರು ಬಂತು. ಜಗಲಿಯ ಮೇಲಿದ್ದವರು ಬಿದ್ದು ಬಿದ್ದು ನಕ್ಕರು.

"ಸೂಪರ್ ಕಣೋ! ಸೋತವನ್ ಮಿಮಿಕ್ರಿ ಮಾಡ್ತಾವ್ನೆ ನೋಡ್ರೋ!"

"ಅಳೋದು ಇನ್ನೊಂದ್ಸಲ ಮಾಡೋ!"

ಡ್ರೈವರು ಬೀಡಿ ಮುಗಿಸಿ, "ಅಣ್ಣ, ಆಯ್ತಾ? ಇನ್ನೂ ಮೂರು ಊರು ಸುತ್ಬೇಕು" ಅಂದ.

ಅಮ್ಮ ಗೋಡೆ ಹಿಡಿದುಕೊಂಡು ಹತ್ತಿರ ಬಂದಳು. ಕೈಯಲ್ಲಿ ಖಾಲಿ ಕ್ಯಾನು. ಪಕ್ಕದೂರಿನ ಘಟಕ ಮುಚ್ಚುವುದರೊಳಗೆ ಹೋಗಬೇಕಿತ್ತು. "ಪಕ್ಕಕ್ಕೆ ಬಾರಪ್ಪ" ಎಂದು ನನ್ನ ತೋಳು ಹಿಡಿದಳು. ಆಟೋ ಮುಂದೆ ಹೋಯಿತು. ನಾನು ಕ್ಯಾನು ಇಸಿದುಕೊಂಡೆ. ಬೇಡವೆಂದರೂ ಅಮ್ಮ ಜೊತೆಗೇ ಹೊರಟಳು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾ.

"ಈ ಸಲ ಓಟು ಯಾರಿಗಮ್ಮ?" ಎಂದು ಕೇಳಿದೆ.

"ಗೊತ್ತಿಲ್ಲ ಕಣಪ್ಪ" ಅಂದಳು. "ನೀನು ಮಾತ್ರ ಏನೂ ಹೇಳ್ಬೇಡ."